ವೈನ್ ಮಾಡೋದರಲ್ಲಿ ಕಟ್ಟಡದ ಪಾಲೆಷ್ಟು?

ಅಲೆಯ ಹಾಗೆ ಏರಿಳಿಯುವ ಸೂರು, ಗುಡ್ಡದೊಳಗೆ ಅರ್ಧ ಹೂತಿರುವ ಗೋಡೆ, ಗುಲಾಬಿ ಬಣ್ಣದ ಟೈಟಾನಿಯಂ ತಗಡಿನ ಸುರುಳಿಗಳು. ಪ್ರವಾಸಕ್ಕೆ ಹೋದವರು ಹಾಕುವ ಫೋಟೊಗಳಲ್ಲಿ ಇಂಥ ವೈನರಿಗಳು ಈಗ ಆಗಾಗ ಕಾಣಿಸುತ್ತವೆ. ನೋಡಿದವರು ಕೇಳುವ ಪ್ರಶ್ನೆ ಒಂದೇ: ದ್ರಾಕ್ಷಿ ರಸವನ್ನು ವೈನ್ ಮಾಡೋಕೆ ಇಷ್ಟೆಲ್ಲ ಬೇಕಾ? ಒಂದು ದೊಡ್ಡ ಶೆಡ್ ಹಾಕಿದರೆ ಸಾಲದಾ?

ಸಾಲುತ್ತದೆ. ಎಷ್ಟೋ ಒಳ್ಳೆಯ ವೈನ್ ತಗಡಿನ ಶೆಡ್‌ನಲ್ಲೇ ತಯಾರಾಗುತ್ತದೆ. ಆದರೆ ಆ ಶೆಡ್ ಒಳಗೂ ಸ್ವಲ್ಪ ಗಮನಿಸಿ ನೋಡಿ. ನೆಲ ಒಂದು ಕಡೆಗೆ ಸಣ್ಣಗೆ ವಾಲಿರುತ್ತದೆ. ನೆಲಮಟ್ಟದಲ್ಲಿ ಗೋಡೆಗೆ ಗಾಳಿ ಹೊರಹಾಕುವ ಫ್ಯಾನ್ ಇರುತ್ತದೆ. ಬ್ಯಾರೆಲ್ ಇಟ್ಟ ಕೋಣೆ ಬಿಸಿಲು ಬೀಳದ ಮೂಲೆಯಲ್ಲಿರುತ್ತದೆ. ಇದ್ಯಾವುದೂ ಅಂದಕ್ಕಾಗಿ ಮಾಡಿದ್ದಲ್ಲ. ತಪ್ಪಿದರೆ ವೈನ್ ಕೆಡುತ್ತದೆ, ಇಲ್ಲವೇ ಅಲ್ಲಿ ಕೆಲಸ ಮಾಡುವವರ ಜೀವಕ್ಕೆ ಕುತ್ತು. ವೈನರಿಯಲ್ಲಿ ಟ್ಯಾಂಕ್, ಬ್ಯಾರೆಲ್‌ಗಳಷ್ಟೇ ಅಲ್ಲ, ಅವನ್ನು ಸುತ್ತುವರಿದ ಕಟ್ಟಡವೂ ಒಂದು ಪಾತ್ರೆಯೇ.

ಮೊದಲು, ಒಳಗೆ ನಡೆಯೋದು ಏನು?

ದ್ರಾಕ್ಷಿ ರಸದಲ್ಲಿ ಸಕ್ಕರೆ ಇದೆ, ಲೀಟರಿಗೆ ಸುಮಾರು 200 ಗ್ರಾಂ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಅದನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಜೊತೆಗೆ ಇನ್ನೆರಡು ಹೊರಬರುತ್ತವೆ: ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಮತ್ತು ಶಾಖ. ಇದೇ ಹುದುಗುವಿಕೆ. ಕಟ್ಟಡದ ಅರ್ಧ ತಲೆನೋವು ಆ ಕೊನೆಯ ಎರಡರಿಂದಲೇ ಬರುತ್ತದೆ.

ಕೆಂಪು ವೈನ್‌ಗೂ ಬಿಳಿ ವೈನ್‌ಗೂ ಕೆಲಸದ ಸರದಿ ಬೇರೆ. ಬಿಳಿಗೆ ಮೊದಲು ಹಣ್ಣು ಹಿಂಡಿ, ಬರೀ ರಸವನ್ನು ಹುದುಗಲು ಬಿಡುತ್ತಾರೆ. ಕೆಂಪಿಗೆ ಸಿಪ್ಪೆ, ಬೀಜದ ಸಮೇತ ಹುದುಗಿಸಿ ಆಮೇಲೆ ಹಿಂಡುತ್ತಾರೆ. ಬಣ್ಣ ಇರೋದು ಸಿಪ್ಪೆಯಲ್ಲಿ ಅಲ್ವಾ, ಅದಕ್ಕೆ. ಹಾಗಾಗಿ ಹಿಂಡುವ ಯಂತ್ರ ಒಂದರಲ್ಲಿ ಟ್ಯಾಂಕಿಗಿಂತ ಮುಂಚೆ ಬೇಕು, ಇನ್ನೊಂದರಲ್ಲಿ ಟ್ಯಾಂಕಿನ ನಂತರ ಬೇಕು. ಎರಡೂ ಮಾಡುವ ವೈನರಿಯಲ್ಲಿ ಈ ಯಂತ್ರವನ್ನು ಎಲ್ಲಿ ಇಡಬೇಕು ಎನ್ನುವುದೇ ನಕ್ಷೆ ಬರೆಯುವವರಿಗೆ ಎದುರಾಗುವ ಮೊದಲ ಗಂಟು. ಕೆಲವರು ಸುಮ್ನೆ ಚಕ್ರ ಹಾಕಿಸಿಬಿಡುತ್ತಾರೆ.

ಹುದುಗಿದ ಮೇಲೆ ವೈನ್ ಟ್ಯಾಂಕಿನಲ್ಲೋ ಓಕ್ ಮರದ ಬ್ಯಾರೆಲಿನಲ್ಲೋ ತಿಂಗಳುಗಟ್ಟಲೆ ಕೂರುತ್ತದೆ. ಕೊನೆಗೆ ಬಾಟಲಿಗೆ ಇಳಿಯುತ್ತದೆ.

ಕೆಲವೇ ವಾರಗಳ ನೂಕುನುಗ್ಗಲು

ವೈನರಿ ವರ್ಷವಿಡೀ ಒಂದೇ ವೇಗದಲ್ಲಿ ಓಡುವ ಕಾರ್ಖಾನೆಯಲ್ಲ. ದ್ರಾಕ್ಷಿ ಹಣ್ಣಾಗೋದು ವರ್ಷದಲ್ಲಿ ಕೆಲವೇ ವಾರ. ಅಷ್ಟರಲ್ಲಿ ಇಡೀ ವರ್ಷದ ಸರಕು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಬಿಸಿಲಲ್ಲಿ ಬಿಟ್ಟರೆ ಹಣ್ಣು ಬಿರಿದು, ಬೇಡದ ಹುದುಗುವಿಕೆ ಶುರುವಾಗುತ್ತದೆ. ಅದಕ್ಕೇ ಎಷ್ಟೋ ಕಡೆ ರಾತ್ರಿ ಅಥವಾ ಬೆಳಗಿನ ಜಾವ ಕಟಾವು ಮಾಡಿ, ತಂಪಿರುವಾಗಲೇ ತಂದು ಸುರಿಯುತ್ತಾರೆ.

ಹಣ್ಣು ಬಂದಿಳಿಯುವ ಅಂಗಳ ಸಾಮಾನ್ಯವಾಗಿ ಮೂರು ಕಡೆ ತೆರೆದು, ಮೇಲೆ ಸೂರು ಮಾತ್ರ ಇರುವ ಜಾಗ. ಲಾರಿ ಬಂದು, ತಿರುಗಿ, ವಾಪಸ್ ಹೋಗುವಷ್ಟು ಅಗಲ ಬೇಕು. ಲಾರಿಯನ್ನೇ ತೂಗುವ ವೇಬ್ರಿಡ್ಜ್ ಬೇಕು. ಗೊಂಚಲು ಆರಿಸುವ ಮೇಜಿನ ಮೇಲೆ ನೆರಳು ಬೇಕು. ತೊಟ್ಟು ಬಿಡಿಸುವ ಯಂತ್ರ ಉಗುಳುವ ತೊಟ್ಟಿನ ರಾಶಿಯನ್ನು ಎತ್ತಿ ಸಾಗಿಸಲು ಬೇರೆಯೇ ದಾರಿ ಬೇಕು. ಇಲ್ಲದಿದ್ದರೆ ಕಸದ ಗಾಡಿಯೂ ಹಣ್ಣಿನ ಗಾಡಿಯೂ ಮುಖಾಮುಖಿ ನಿಲ್ಲುತ್ತವೆ.

ವರ್ಷದ ಮಿಕ್ಕ ದಿನಗಳಲ್ಲಿ ಈ ಅಂಗಳ ಖಾಲಿ. ಆದರೂ ಅದರ ಅಳತೆ ನಿರ್ಧಾರವಾಗುವುದು ಸರಾಸರಿ ದಿನದ ಲೆಕ್ಕದಲ್ಲಲ್ಲ, ಕಟಾವಿನ ಅತಿ ಬಿರುಸಿನ ದಿನದ ಲೆಕ್ಕದಲ್ಲಿ.

ಪಂಪಿನ ಬದಲು ಗುಡ್ಡ

ಮಹಡಿ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ನಲ್ಲಿ ತಿರುಗಿಸಿದರೆ ಸಾಕು, ನೀರು ತಾನೇ ಇಳಿದು ಬರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ವೈನರಿಗಳು ಇದೇ ಉಪಾಯ ಮಾಡುತ್ತವೆ. ಹಣ್ಣು ಮೇಲಿನ ರಸ್ತೆಯಿಂದ ಬಂದು ಮೇಲಂತಸ್ತಿನಲ್ಲಿ ಇಳಿಯುತ್ತದೆ. ಅಲ್ಲೇ ಆರಿಸಿ, ತೊಟ್ಟು ಬಿಡಿಸಿ, ನೆಲದಲ್ಲಿರುವ ಕಿಂಡಿಯ ಮೂಲಕ ಕೆಳಗಿನ ಟ್ಯಾಂಕಿಗೆ ಬಿಡುತ್ತಾರೆ. ಟ್ಯಾಂಕಿನಿಂದ ಅದರ ಕೆಳಗಿನ ಬ್ಯಾರೆಲ್ ಕೋಣೆಗೆ. ಎಲ್ಲಕ್ಕಿಂತ ಕೆಳಗೆ ಬಾಟಲಿ ತುಂಬುವ ಜಾಗ, ಅಲ್ಲಿಂದ ಕೆಳಗಿನ ರಸ್ತೆಗೆ ಹೊರದಾರಿ.

ಇದಕ್ಕೆ ಕಾರಣ ಬೀಜ. ದ್ರಾಕ್ಷಿ ಬೀಜ ಕಚ್ಚಿ ನೋಡಿದ್ದರೆ ಗೊತ್ತು, ಬಾಯೆಲ್ಲ ಒಗರು. ಒರಟು ಪಂಪಿನೊಳಗೆ ಸಿಪ್ಪೆ, ಬೀಜ ಸಿಕ್ಕಿ ಜಜ್ಜಿಹೋದರೆ ಆ ಒಗರು ವೈನ್‌ಗೆ ಇಳಿಯುತ್ತದೆ. ರಸ ಕದಡುತ್ತದೆ, ಗಾಳಿಯೂ ಬೇಡದಷ್ಟು ಸೇರುತ್ತದೆ. ತನ್ನ ಭಾರಕ್ಕೆ ತಾನೇ ಇಳಿದು ಬಂದರೆ ಇದೆಲ್ಲ ಕಡಿಮೆ.

ಈ ಉಪಾಯ ಹೊಸದೇನಲ್ಲ. ಅರ್ಮೇನಿಯದ ಅರೆನಿ ಹಳ್ಳಿಯ ಹತ್ತಿರದ ಗುಹೆಯೊಂದರಲ್ಲಿ ಸುಮಾರು 6,000 ವರ್ಷ ಹಳೆಯ ವೈನ್ ತಯಾರಿಕೆಯ ಜಾಗ ಸಿಕ್ಕಿದೆ. 2011ರಲ್ಲಿ ಅದರ ವಿವರ ಪ್ರಕಟವಾಯಿತು. ಅಲ್ಲಿದ್ದದ್ದು ಸುಮಾರು ಒಂದು ಮೀಟರ್ ಅಗಲದ ಆಳವಿಲ್ಲದ ಮಣ್ಣಿನ ತೊಟ್ಟಿ. ಅದರ ತಳ ಒಂದು ಕಡೆಗೆ ವಾಲಿದೆ. ವಾಲಿದ ಕಡೆ ನೆಲದಲ್ಲಿ ಹೂತ ದೊಡ್ಡ ಮಡಕೆ. ಮೇಲೆ ತುಳಿದರೆ ರಸ ತಾನಾಗಿ ಮಡಕೆಗೆ ಇಳಿಯುತ್ತದೆ. ಇಂದಿನ ಮೂರು ಅಂತಸ್ತಿನ ವೈನರಿಯ ನಕ್ಷೆ ಆ ತೊಟ್ಟಿಯಲ್ಲೇ ಇದೆ ಅನ್ನಿಸುತ್ತದೆ ನನಗೆ.

ಹಾಗಂತ ಪಂಪು ಪೂರ್ತಿ ಮಾಯವಾಗುವುದಿಲ್ಲ. ಕೆಂಪು ವೈನ್ ಹುದುಗುವಾಗ ಸಿಪ್ಪೆಯೆಲ್ಲ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ಅದನ್ನು ನೆನೆಸಲು ತಳದ ರಸವನ್ನು ಆಗಾಗ ಮೇಲೆ ತಂದು ಸುರಿಯಬೇಕು. ಕೆಲವರು ಇದಕ್ಕೂ ಪಂಪು ಬೇಡವೆಂದು ಚಿಕ್ಕ ಟ್ಯಾಂಕನ್ನೇ ಲಿಫ್ಟಿನಲ್ಲಿ ಏರಿಸುತ್ತಾರೆ. ಮೆತ್ತಗೆ ಒತ್ತಿ ಸಾಗಿಸುವ ಒಳ್ಳೆಯ ಪಂಪುಗಳೂ ಈಗ ಇವೆ. ಸಮತಟ್ಟು ಜಾಗದಲ್ಲಿ ಬರೀ ಈ ಒಂದು ಕಾರಣಕ್ಕೆ ಮೂರು ಅಂತಸ್ತು ಎಬ್ಬಿಸುವುದು ದುಬಾರಿ ಹಠ ಎನ್ನುವವರೂ ಇದ್ದಾರೆ. ಇಳಿಜಾರು ಮೊದಲೇ ಇದ್ದರೆ ಮಾತ್ರ ಅದು ಪುಕ್ಕಟೆ ಸಿಗುವ ಇಂಧನ.

ಟ್ಯಾಂಕ್ ಕೋಣೆ: ಶಾಖ ಮತ್ತು ಕಾಣದ ಅನಿಲ

ಹುದುಗುವಾಗ ಹುಟ್ಟುವ ಶಾಖ ಒಂದಿಷ್ಟೂ ಹೊರಹೋಗದೆ ಉಳಿದರೆ ರಸದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. 20 ಡಿಗ್ರಿಯಲ್ಲಿ ಶುರುವಾದದ್ದು 45ಕ್ಕೆ ಮುಟ್ಟಬೇಕು. ಅಲ್ಲಿಗೆ ಮುಟ್ಟುವ ಮೊದಲೇ ಯೀಸ್ಟ್ ಸತ್ತು, ಸಕ್ಕರೆ ಅರ್ಧಕ್ಕೇ ಉಳಿದುಬಿಡುತ್ತದೆ. ಕೆಂಪು ವೈನ್ ಹುದುಗಲು 25ರಿಂದ 30 ಡಿಗ್ರಿ ಹಿತ. ಬಿಳಿಗೆ ಇನ್ನೂ ತಂಪು ಬೇಕು, 12ರಿಂದ 18ರ ಆಸುಪಾಸು. ಹಾಗಾಗಿ ಸ್ಟೀಲ್ ಟ್ಯಾಂಕುಗಳ ಹೊರಮೈಗೆ ತಣ್ಣನೆಯ ದ್ರವ ಹರಿಯುವ ಪಟ್ಟಿ ಸುತ್ತಿರುತ್ತಾರೆ. ಆ ದ್ರವ ತಂಪಾಗಿಸುವ ಯಂತ್ರ ಕರೆಂಟ್ ಕುಡಿಯುತ್ತದೆ. ಕೋಣೆಯ ಗೋಡೆ, ಸೂರು ಬಿಸಿಲನ್ನು ಒಳಗೆ ಬಿಡದಿದ್ದಷ್ಟೂ ಆ ಖರ್ಚು ಕಡಿಮೆ.

ಟ್ಯಾಂಕಿನ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ಸ್ಟೀಲ್ ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ. ದಪ್ಪ ಕಾಂಕ್ರೀಟ್ ನಿಧಾನ. ಫ್ರಾನ್ಸಿನ ಶೆವಾಲ್ ಬ್ಲಾಂಕ್ ವೈನರಿಯಲ್ಲಿ 2011ರಲ್ಲಿ ಬಳಕೆಗೆ ಬಂದ ಕಟ್ಟಡದೊಳಗೆ 52 ಕಾಂಕ್ರೀಟ್ ತೊಟ್ಟಿಗಳಿವೆ. ಆರ್ಕಿಟೆಕ್ಟ್ ಕ್ರಿಸ್ತಿಯಾನ್ ದ ಪೋರ್ಟ್‌ಜಾಂಪಾರ್ಕ್. ಅಷ್ಟೊಂದು ಯಾಕೆ ಅಂದರೆ ತೋಟದ ಒಂದೊಂದು ತುಂಡಿನ ಹಣ್ಣನ್ನೂ ಬೇರೆ ಬೇರೆಯಾಗಿ ಹುದುಗಿಸಬೇಕು ಎಂಬುದು ಅವರ ಪದ್ಧತಿ. ತುಂಡುಗಳ ಗಾತ್ರ ಬೇರೆ ಬೇರೆ, ತೊಟ್ಟಿಗಳ ಗಾತ್ರವೂ ಬೇರೆ ಬೇರೆ. ಹೊರಗಿನ ತೋಟವೇ ಒಳಗಿನ ನಕ್ಷೆ ಬರೆದ ಹಾಗಾಯಿತು.

ಇನ್ನು ಅನಿಲದ ವಿಷಯ. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ್ದು. ಒಂದು ಲೀಟರ್ ರಸ ಹುದುಗಿ ಮುಗಿಯುವಷ್ಟರಲ್ಲಿ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹತ್ತು ಸಾವಿರ ಲೀಟರಿನ ಒಂದೇ ಟ್ಯಾಂಕ್ ಐದು ಲಕ್ಷ ಲೀಟರ್ ಅನಿಲ ಉಗುಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹೊಗೆಯ ಹಾಗೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಹರಿದು ಗುಂಡಿಯಲ್ಲಿ, ಮೆಟ್ಟಿಲ ಬುಡದಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ 0.04ರಷ್ಟು ಮಾತ್ರ. ನೂರಕ್ಕೆ 4 ಆದರೆ ಜೀವಕ್ಕೆ ಅಪಾಯ.

ಇಲ್ಲೊಂದು ತಮಾಷೆಯಿಲ್ಲದ ಪೇಚು ಇದೆ. ಇಳಿಜಾರಿನ ವೈನರಿಯಲ್ಲಿ ವೈನ್ ಇಳಿಯುವ ದಾರಿಯಲ್ಲೇ ಈ ಅನಿಲವೂ ಇಳಿಯುತ್ತದೆ. ಟ್ಯಾಂಕ್ ಕೋಣೆಯ ಕೆಳಗೆ ಬ್ಯಾರೆಲ್ ಕೋಣೆ, ಅಲ್ಲಿ ಯಾರೋ ಒಬ್ಬರೇ ಕೆಲಸ ಮಾಡುತ್ತಿರುತ್ತಾರೆ. ಅದಕ್ಕೇ ಗಾಳಿ ಹೊರಹಾಕುವ ಬಾಯಿ ಸೂರಿನಲ್ಲಲ್ಲ, ನೆಲದ ಪಕ್ಕದಲ್ಲಿರಬೇಕು. ಹೊಸ ಗಾಳಿ ಮೇಲಿನಿಂದ ಬರಬೇಕು. ಅಳತೆಯ ಸೆನ್ಸರ್ ಕೂಡ ತಗ್ಗಿನಲ್ಲಿರಬೇಕು. ನೋಡಲು ಚೆಂದವೆಂದು ಎರಡು ಅಂತಸ್ತಿನ ನಡುವೆ ತೆರೆದ ಮೆಟ್ಟಿಲು ಇಟ್ಟರೆ, ಅನಿಲಕ್ಕೂ ಅದೇ ಮೆಟ್ಟಿಲು.

ಬ್ಯಾರೆಲ್‌ಗಳ ಕೋಣೆ

ಒಂದು ಲೆಕ್ಕ ಹಾಕೋಣ. ಫ್ರಾನ್ಸಿನ ಬೋರ್ಡೋ ಸೀಮೆಯ ಮಾದರಿಯ ಒಂದು ಬ್ಯಾರೆಲ್ ಅಂದರೆ 225 ಲೀಟರ್, ಅಂದರೆ 300 ಬಾಟಲಿ. ವರ್ಷಕ್ಕೆ ಒಂದು ಲಕ್ಷ ಬಾಟಲಿ ಮಾಡುವವರಿಗೆ 330ಕ್ಕೂ ಹೆಚ್ಚು ಬ್ಯಾರೆಲ್ ಬೇಕು. ವೈನ್ ಅದರಲ್ಲಿ 18 ತಿಂಗಳು ಕೂರುವುದಾದರೆ, ಹಳೆಯದು ಹೊರಡುವ ಮೊದಲೇ ಮುಂದಿನ ಕಟಾವು ಬಂದುಬಿಡುತ್ತದೆ. ಅಂದರೆ ಎರಡು ವರ್ಷದ ಸರಕಿಗೆ ಜಾಗ ಬೇಕು, 660 ಬ್ಯಾರೆಲ್. ತುಂಬಿದ ಒಂದೊಂದೂ 250 ಕಿಲೊ ಮೀರುತ್ತದೆ. ನೆಲ ಅಷ್ಟು ಭಾರ ತಡೆಯಬೇಕು. ಒಂದರ ಮೇಲೊಂದು ಪೇರಿಸಿದರೆ ಜಾಗ ಉಳಿಯುತ್ತದೆ, ಆದರೆ ಫೋರ್ಕ್‌ಲಿಫ್ಟ್ ತಿರುಗಲು ಓಣಿ ಬೇಕು. ಫೋಟೊದಲ್ಲಿ ಕಾಣುವ ಒಂದೇ ಸಾಲಿನ ಉದ್ದನೆಯ ಕೋಣೆ ಜಾಗದ ಮಟ್ಟಿಗೆ ಶ್ರೀಮಂತರ ಆಯ್ಕೆ.

ಈ ಕೋಣೆಯನ್ನು ಇಷ್ಟು ಜೋಪಾನ ಮಾಡುವುದು ಬ್ಯಾರೆಲ್ ಸೋರುವ ಪಾತ್ರೆ ಎಂಬ ಕಾರಣಕ್ಕೆ. ಹನಿ ಹನಿಯಾಗಿ ಅಲ್ಲ, ಆವಿಯಾಗಿ. ಮರದ ಮೂಲಕ ನೀರು ಮತ್ತು ಆಲ್ಕೋಹಾಲ್ ಎರಡೂ ಸ್ವಲ್ಪ ಸ್ವಲ್ಪ ಹೊರಹೋಗುತ್ತವೆ. ಗಾಳಿ ಒಣಗಿದ್ದರೆ ನೀರು ಜಾಸ್ತಿ ಹೋಗುತ್ತದೆ. ತೇವ ಇದ್ದರೆ ಆಲ್ಕೋಹಾಲ್ ಹೋಗುವ ಪಾಲು ಹೆಚ್ಚು. ಎರಡರಲ್ಲೂ ಒಳಗೆ ವೈನ್ ಮಟ್ಟ ಇಳಿದು, ಮೇಲೆ ಖಾಲಿ ಜಾಗ ಉಳಿಯುತ್ತದೆ. ಅಲ್ಲಿ ಗಾಳಿ ಸೇರಿದರೆ ವೈನ್ ವಿನಿಗರ್ ಆಗುವ ದಾರಿ ಹಿಡಿಯುತ್ತದೆ. ಹಾಗಾಗಿ ಆಗಾಗ ಒಬ್ಬರು ಬಂದು ಪ್ರತಿ ಬ್ಯಾರೆಲಿನ ಬಿರಡೆ ತೆಗೆದು, ಬಾಯಿ ಮಟ್ಟಕ್ಕೆ ವೈನ್ ತುಂಬಿ, ಮತ್ತೆ ಮುಚ್ಚಬೇಕು. ಆರುನೂರು ಬ್ಯಾರೆಲ್, ಆರುನೂರು ಬಿರಡೆ.

ಕೋಣೆ 12ರಿಂದ 16 ಡಿಗ್ರಿಯಲ್ಲಿ, ಗಾಳಿಯ ತೇವ ನೂರಕ್ಕೆ 70ರಿಂದ 80ರಲ್ಲಿ ನಿಂತರೆ ಈ ನಷ್ಟ ಹಿಡಿತದಲ್ಲಿರುತ್ತದೆ. ತೇವ ಅದಕ್ಕಿಂತ ತುಂಬಾ ಹೆಚ್ಚಾದರೆ ಗೋಡೆ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಉಷ್ಣತೆ ಒಂದು ಡಿಗ್ರಿ ಅತ್ತಿತ್ತ ಇರುವುದಕ್ಕಿಂತ, ದಿನಾ ಏರಿಳಿಯುವುದು ಹೆಚ್ಚು ಕೆಟ್ಟದ್ದು. ವೈನ್ ಹಿಗ್ಗಿ ಕುಗ್ಗಿ, ಸಂದಿಗಳಿಂದ ಗಾಳಿ ಎಳೆದುಕೊಳ್ಳುತ್ತದೆ.

ಉಷ್ಣತೆ ಅಲುಗದಂತೆ ಇಡಲು ಅತಿ ಹಳೆಯ ದಾರಿ ನೆಲದೊಳಗೆ ಇಳಿಯುವುದು. ಆಳದ ಬಾವಿಯ ನೀರು ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಅನ್ನಿಸುತ್ತದಲ್ಲ, ಅದೇ ಗುಟ್ಟು. ನೀರಿನ ಉಷ್ಣತೆ ಬದಲಾಗಿರುವುದಿಲ್ಲ, ಹೊರಗಿನದು ಬದಲಾಗಿರುತ್ತದೆ. ಮಣ್ಣು ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಸುಮಾರು ನಾಲ್ಕು ಮೀಟರ್ ಆಳಕ್ಕೆ ಬೇಸಿಗೆಯ ಬಿಸಿ ತಲುಪುವಷ್ಟರಲ್ಲಿ ಮೂರು ತಿಂಗಳಾಗಿ, ಮೇಲೆ ಬೇಸಿಗೆಯೇ ಮುಗಿದಿರುತ್ತದೆ. ತಲುಪುವುದೂ ತೀರಾ ಅಲ್ಪ. ಫ್ರಾನ್ಸಿನ ರೀಮ್ಸ್ ನಗರದ ಕೆಳಗೆ ಹಿಂದೆ ಸೀಮೆಸುಣ್ಣದ ಕಲ್ಲು ತೆಗೆದ ದೊಡ್ಡ ಗುಂಡಿಗಳಿವೆ. ವರ್ಷವಿಡೀ 10ರಿಂದ 12 ಡಿಗ್ರಿ. ಶಾಂಪೇನ್ ಬಾಟಲಿಗಳು ಅಲ್ಲಿ ಯಾವ ಯಂತ್ರದ ಹಂಗೂ ಇಲ್ಲದೆ ಮಲಗುತ್ತವೆ.

ಆದರೆ ಇಲ್ಲೊಂದು ಮಾತು ಮರೆಯಬಾರದು. ಆಳದ ಮಣ್ಣಿನ ಉಷ್ಣತೆ ಅಂದರೆ ಆ ಊರಿನ ವರ್ಷದ ಸರಾಸರಿ. ಸರಾಸರಿಯೇ 25 ಡಿಗ್ರಿ ಇರುವ ಕಡೆ ಎಷ್ಟು ಅಗೆದರೂ 13 ಡಿಗ್ರಿ ಸಿಗುವುದಿಲ್ಲ. ಏರಿಳಿತ ತಪ್ಪುತ್ತದೆ, ಅಷ್ಟೇ. ತಂಪು ಯಂತ್ರದಿಂದಲೇ ಬರಬೇಕು. ಅಂಥ ಕಡೆ ಅಗೆಯುವ ದುಡ್ಡನ್ನು ಗೋಡೆಯ ಶಾಖ ತಡೆಗೆ ಹಾಕುವುದು ಎಷ್ಟೋ ಸಲ ಜಾಣತನ.

ನೆಲದ ಮೇಲೆಯೇ ಇದನ್ನು ಸಾಧಿಸಿದ ಒಂದು ಕಟ್ಟಡ ಅಮೆರಿಕದ ನಾಪಾ ಕಣಿವೆಯಲ್ಲಿದೆ. ಹೆಸರು ಡೊಮಿನಸ್. 1990ರ ದಶಕದ ಕೊನೆಗೆ ಸ್ವಿಟ್ಜರ್‌ಲೆಂಡಿನ ಆರ್ಕಿಟೆಕ್ಟ್ ಜೋಡಿ ಹರ್ಝೋಗ್ ಮತ್ತು ಡ ಮ್ಯೂರಾನ್ ಕಟ್ಟಿದ್ದು. ನೂರು ಮೀಟರಿಗೂ ಉದ್ದದ ಕಪ್ಪು ಕಲ್ಲಿನ ಗೋಡೆ, ಆದರೆ ಅದಕ್ಕೆ ಗಾರೆಯೇ ಇಲ್ಲ. ನದಿ ದಂಡೆ ಕುಸಿಯದಂತೆ ತಂತಿ ಬುಟ್ಟಿಗೆ ಕಲ್ಲು ತುಂಬಿ ಇಡುತ್ತಾರಲ್ಲ, ಅಂಥ ಬುಟ್ಟಿಗಳನ್ನೇ ಪೇರಿಸಿದ್ದಾರೆ. ಕಲ್ಲು ಅಲ್ಲಿಯದೇ. ತಂಪು ಉಳಿಯಬೇಕಾದ ಕಡೆ ಕಲ್ಲುಗಳನ್ನು ಒತ್ತಾಗಿ ತುಂಬಿದ್ದಾರೆ. ಬೆಳಕು, ಗಾಳಿ ಬೇಕಾದ ಕಡೆ ಸಡಿಲ. ಹಗಲ ಬಿಸಿಲನ್ನು ಕಲ್ಲು ಹೀರುತ್ತದೆ, ರಾತ್ರಿಯ ತಣ್ಣನೆ ಗಾಳಿಯಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಒಳಗೆ ನಿಂತರೆ ಕಲ್ಲಿನ ಸಂದಿಗಳಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ನೆಲಕ್ಕೆ ಬೀಳುತ್ತದೆ.

ನೆಲ, ನೀರು, ಚರಂಡಿ

ಯಾರೂ ಫೋಟೊ ತೆಗೆಯದ ಭಾಗ ಇದು. ಆದರೆ ವೈನರಿಯಲ್ಲಿ ಕೆಲಸ ಮಾಡುವವರನ್ನು ಕೇಳಿ, ಮೊದಲು ಬೈಯುವುದು ಅಥವಾ ಹೊಗಳುವುದು ಚರಂಡಿಯನ್ನೇ. ವೈನ್ ಮಾಡುವುದೆಂದರೆ ಬಹುಪಾಲು ತೊಳೆಯುವುದು. ಟ್ಯಾಂಕ್ ತೊಳೆ, ಪೈಪ್ ತೊಳೆ, ನೆಲ ತೊಳೆ. ಒಂದು ಲೀಟರ್ ವೈನ್‌ಗೆ ಹಲವು ಲೀಟರ್ ನೀರು ಖರ್ಚಾಗುತ್ತದೆ.

ಸ್ನಾನದ ಮನೆಯ ನೆಲ ಸರಿಯಾಗಿ ವಾಲದಿದ್ದರೆ ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಇಲ್ಲಿ ನಿಲ್ಲುವುದು ಸಕ್ಕರೆ ನೀರು, ಆದ್ದರಿಂದ ನೊಣ, ಬೂಷ್ಟು, ಹುಳಿ ವಾಸನೆ ಎಲ್ಲ ಒಟ್ಟಿಗೆ. ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ಓಡುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಏಣಿ ನಿಲ್ಲುವುದಿಲ್ಲ, ಫೋರ್ಕ್‌ಲಿಫ್ಟ್ ವಾಲುತ್ತದೆ. ವೈನ್ ಹುಳಿಯಾದ್ದರಿಂದ ಬರೀ ಕಾಂಕ್ರೀಟ್ ನೆಲವನ್ನು ನಿಧಾನವಾಗಿ ತಿನ್ನುತ್ತದೆ. ಅದಕ್ಕೆ ಮೇಲೆ ಹುಳಿ ತಡೆಯುವ ಲೇಪ ಅಥವಾ ಹೆಂಚು. ನುಣುಪಾದರೆ ತೊಳೆಯಲು ಸುಲಭ, ಆದರೆ ಕಾಲು ಜಾರುತ್ತದೆ. ಒರಟಾದರೆ ಕಾಲು ನಿಲ್ಲುತ್ತದೆ, ಕೊಳೆಯೂ ನಿಲ್ಲುತ್ತದೆ. ತೊಳೆದ ನೀರನ್ನು ಹಾಗೇ ಕೆರೆಗೋ ಹೊಳೆಗೋ ಬಿಡುವಂತಿಲ್ಲ. ಅದರಲ್ಲಿರುವ ಸಕ್ಕರೆ, ಆಲ್ಕೋಹಾಲ್ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಶುದ್ಧ ಮಾಡುವ ಘಟಕಕ್ಕೆ ನಕ್ಷೆಯಲ್ಲಿ ಮೊದಲೇ ಜಾಗ ಬಿಡಬೇಕು.

ಸೂರಿನ ಮರವೇ ವೈನ್ ಕೆಡಿಸಿದಾಗ

ಒದ್ದೆ ರಟ್ಟಿನ ವಾಸನೆ ಬರುವ ವೈನ್‌ಗೆ ಸಾಮಾನ್ಯವಾಗಿ ಬಾಟಲಿಯ ಬಿರಡೆಯನ್ನು ದೂರುತ್ತಾರೆ. ಕಾರಣ ಟಿಸಿಎ ಎಂಬ ವಸ್ತು. ಒಂದು ಲೀಟರಿನಲ್ಲಿ ಗ್ರಾಂನ ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ ಕೆಲವು ವೈನರಿಗಳಲ್ಲಿ ಬಿರಡೆ ಹಾಕುವ ಮೊದಲೇ ವೈನ್‌ಗೆ ಇಂಥದ್ದೇ ವಾಸನೆ ಹಿಡಿದಿತ್ತು. ಹುಡುಕಿದಾಗ ಸಿಕ್ಕಿದ್ದು ಕಟ್ಟಡ. ಸೂರಿನ ತೊಲೆಗೆ ಹುಳ ಹಿಡಿಯದಿರಲೆಂದು ಕ್ಲೋರಿನ್ ಇರುವ ಔಷಧ ಬಳಿದಿದ್ದರು. ತೇವದಲ್ಲಿ ಬೆಳೆದ ಬೂಷ್ಟು ಆ ಔಷಧವನ್ನು ಈ ವಾಸನೆಯ ವಸ್ತುಗಳಾಗಿ ಬದಲಿಸಿತ್ತು. ಅದು ಗಾಳಿಯಲ್ಲಿ ತೇಲಿ ಬ್ಯಾರೆಲಿಗೆ, ವೈನ್‌ಗೆ ಸೇರಿತ್ತು. ಬೆಂಕಿ ತಡೆಯಲು ಬಳಿಯುವ ಕೆಲವು ಬ್ರೋಮಿನ್ ಔಷಧಗಳೂ ಇದೇ ಕಿತಾಪತಿ ಮಾಡುತ್ತವೆ. ಕೆಲವರು ತೊಲೆಗಳನ್ನೇ ಕಿತ್ತುಹಾಕಬೇಕಾಯಿತು.

ಅಂದಿನಿಂದ ಬ್ಯಾರೆಲ್ ಕೋಣೆಯಲ್ಲಿ ಯಾವ ಮರ, ಯಾವ ಬಣ್ಣ, ಯಾವ ಅಂಟು ಎನ್ನುವುದನ್ನು ವೈನ್ ಮಾಡುವವರು ಮೂಗಿನಿಂದಲೇ ಪರೀಕ್ಷೆ ಮಾಡುತ್ತಾರೆ. ಕ್ಲೋರಿನ್ ಬ್ಲೀಚ್ ಒಳಗೆ ತರುವಂತೆಯೇ ಇಲ್ಲ.

ನೋಡಲು ಬಂದವರು ಎಲ್ಲಿ ನಡೆಯಬೇಕು?

1966ರಲ್ಲಿ ನಾಪಾದಲ್ಲಿ ರಾಬರ್ಟ್ ಮೊಂಡಾವಿ ವೈನರಿ ಶುರುವಾದಾಗ, ಜನ ಬಂದು ನೋಡಲಿ ಎಂಬ ಉದ್ದೇಶ ಕಟ್ಟಡದಲ್ಲೇ ಇತ್ತು. ದೊಡ್ಡ ಕಮಾನು, ಅದರಾಚೆ ತೋಟ. ಆಮೇಲೆ ಹೆಸರಾಂತ ಆರ್ಕಿಟೆಕ್ಟ್‌ಗಳ ಸರದಿ. ಸ್ಪೇನಿನ ಈಸಿಯೊಸ್ ವೈನರಿಗೆ 2001ರಲ್ಲಿ ಸಾಂತಿಯಾಗೊ ಕಲಾತ್ರಾವ ಅಲೆಯಂಥ ಸೂರು ಹೊದಿಸಿದರು. ಅದೇ ದೇಶದ ಮಾರ್ಕೆಸ್ ದೆ ರಿಸ್ಕಾಲ್ ವೈನರಿಯಲ್ಲಿ 2006ರಲ್ಲಿ ಫ್ರಾಂಕ್ ಗೆರಿ ಆ ಟೈಟಾನಿಯಂ ಸುರುಳಿ ಕಟ್ಟಿದರು. ಆದರೆ ಅದು ವೈನ್ ಮಾಡುವ ಕಟ್ಟಡವಲ್ಲ, ಹೋಟೆಲ್. ಇದು ಗೊತ್ತಾದರೆ ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಮಿಕ್ಕರ್ಧ ಉತ್ತರ ಇಟಲಿಯ ಕಿಯಾಂತಿ ಸೀಮೆಯಲ್ಲಿದೆ. 2012ರಲ್ಲಿ ತೆರೆದ ಆಂತಿನೋರಿ ವೈನರಿ ದೂರದಿಂದ ಕಾಣುವುದೇ ಕಷ್ಟ. ಗುಡ್ಡದ ಮೈಯಲ್ಲಿ ಚಾಕುವಿನಿಂದ ಗೀರಿದ ಹಾಗೆ ಎರಡು ಅಡ್ಡ ಸೀಳು. ಸೂರಿನ ಮೇಲೆ ದ್ರಾಕ್ಷಿ ಬಳ್ಳಿಯ ಸಾಲು. ಕೆಲಸವೆಲ್ಲ ಮಣ್ಣಿನ ಕೆಳಗಿನ ತಂಪಿನಲ್ಲಿ. ಅಲ್ಲಿ ಕಣ್ಣಿಗೆ ಚೆಂದ ಕಾಣುವುದೂ ವೈನ್‌ಗೆ ಬೇಕಾದದ್ದೂ ಒಂದೇ.

ನೋಡಲು ಬಂದವರಿಗೂ ಒಂದು ಕಷ್ಟ ಇದೆ. ಅವರು ಬರುವುದೇ ಕಟಾವಿನ ಕಾಲದಲ್ಲಿ, ಅಂದರೆ ನೆಲ ಒದ್ದೆಯಿದ್ದು, ಪೈಪುಗಳು ಹರಡಿ, ಫೋರ್ಕ್‌ಲಿಫ್ಟ್ ಓಡಾಡುವಾಗ. ಅದಕ್ಕೇ ಟ್ಯಾಂಕ್‌ಗಳ ಮೇಲ್ಮಟ್ಟದಲ್ಲಿ ಕಟಕಟೆ ಹಾಕಿದ ಬೇರೆ ಓಣಿ, ಅಥವಾ ಗಾಜಿನ ಗೋಡೆ. ಒಬ್ಬೊಬ್ಬರ ಮೈಯಿಂದಲೂ ಶಾಖ ಬರುತ್ತದೆ. ಐವತ್ತು ಜನರ ಗುಂಪು ಬ್ಯಾರೆಲ್ ಕೋಣೆಗೆ ಹೊಕ್ಕರೆ ಅಲ್ಲಿನ ತಂಪು ಕದಲುತ್ತದೆ.

ಕೊನೆಯ ಗೋಡೆ

ದೊಡ್ಡ ಸ್ಟೀಲ್ ಟ್ಯಾಂಕ್‌ಗಳು ಬಾಗಿಲಲ್ಲಿ ಹಿಡಿಯುವುದಿಲ್ಲ. ಎಷ್ಟೋ ಕಡೆ ಮೊದಲು ಕ್ರೇನ್‌ನಲ್ಲಿ ಟ್ಯಾಂಕ್ ಇಳಿಸಿ, ಆಮೇಲೆ ಸೂರು ಹಾಕುತ್ತಾರೆ. ಹತ್ತು ವರ್ಷದ ನಂತರ ತೋಟ ದೊಡ್ಡದಾದರೆ? ಆಗಲೂ ಹೊಸ ಟ್ಯಾಂಕ್ ಒಳಗೆ ಬರಬೇಕಲ್ಲ. ಅದನ್ನು ಯೋಚಿಸಿದವರು ಕಟ್ಟಡದ ಒಂದು ತುದಿಯ ಗೋಡೆಗೆ ಭಾರ ಹೊರಿಸುವುದಿಲ್ಲ. ಚರಂಡಿ, ಪೈಪು, ಕರೆಂಟ್ ತಂತಿ ಎಲ್ಲವನ್ನೂ ಆ ಗೋಡೆಯ ತನಕ ಎಳೆದು, ತುದಿಗೆ ಮುಚ್ಚಳ ಹಾಕಿ ಬಿಟ್ಟಿರುತ್ತಾರೆ. ನೋಡಿದವರಿಗೆ ಅದು ಎಲ್ಲದರ ಹಾಗೆ ಒಂದು ಗೋಡೆ. ಆದರೆ ಅದನ್ನು ಕಟ್ಟಿದ್ದೇ ಒಂದು ದಿನ ತೆಗೆಯೋಕೆ.